ಒಂದೇ ಪೇಪರ್, ಎರಡು ತೀರ್ಪು: ಶಿರಸಿಯ ಓದುಗುಂಪಿನ ಒಂದು ಪ್ರಕರಣ ಅಧ್ಯಯನ

ಆರೋಗ್ಯ ಇಲಾಖೆಯಲ್ಲಿ, ನರ್ಸಿಂಗ್ ಕಾಲೇಜಿನಲ್ಲಿ, ಸಂಘ ಸಂಸ್ಥೆಗಳಲ್ಲಿ ಕೆಲಸ ಮಾಡುವ ಕೆಲವರು ಶಿರಸಿಯಲ್ಲಿ ಸೇರಿ ಸಂಶೋಧನಾ ಪೇಪರ್ ಓದುತ್ತೇವೆ. ಆ ಗುಂಪನ್ನು ನಡೆಸುವ ಹೊಣೆ ನನ್ನದು. ನಾವು ಒಂದು ಗುಣಾತ್ಮಕ ಸಂಶೋಧನೆಯನ್ನು, ಅಂದರೆ ಲೆಕ್ಕಕ್ಕಿಂತ ಜನರ ಮಾತು, ಅನುಭವದ ಮೇಲೆ ನಿಂತ ಸಂಶೋಧನೆಯನ್ನು ಓದಿ, ಅದನ್ನು ನಂಬಬಹುದೇ, ನಂಬಿದರೆ ಎಷ್ಟು, ಯಾವ ಕೆಲಸಕ್ಕೆ ಎಂದು ತೀರ್ಮಾನಕ್ಕೆ ಬಂದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಸದಸ್ಯರ ಒಪ್ಪಿಗೆ ಪಡೆದಿದ್ದೇನೆ. ಯಾರ ಹೆಸರೂ ಇಲ್ಲಿಲ್ಲ, ಹಳ್ಳಿಯ ಹೆಸರೂ ಇಲ್ಲ. ಪೇಪರಿನ ಗುರುತನ್ನೂ ಮರೆಸಿದ್ದೇನೆ. ಅದರ ಲೇಖಕರು ತಮ್ಮ ಮಟ್ಟಿಗೆ ಪ್ರಾಮಾಣಿಕವಾಗಿ ಬರೆದಿದ್ದಾರೆ, ಅವರ ಮೇಲೆ ನಮ್ಮ ದೂರಿಲ್ಲ.

ಹಿನ್ನೆಲೆ

ಮಂಗನ ಕಾಯಿಲೆ ನಮ್ಮ ಕಡೆಯವರಿಗೆ ಹೊಸತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಗಡಿ ದಾಟಿ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂದಿದೆ. ವೈರಸ್ ಹೊತ್ತ ಉಣುಗು ಕಚ್ಚಿದರೆ ಮನುಷ್ಯರಿಗೆ ಬರುತ್ತದೆ. ಬಂದವರಲ್ಲಿ ಸಾಯುವವರು ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಎಂದು ಹೇಳುತ್ತಾರೆ. ಸುಮಾರು ಡಿಸೆಂಬರ್‌ನಿಂದ ಮೇ ತನಕ ಕಾಟ ಜಾಸ್ತಿ. ಮರಿ ಉಣುಗುಗಳು ಕಾಡಿನ ನೆಲದಲ್ಲಿ ತುಂಬಿರುವ ಕಾಲ ಅದು. ನಮ್ಮ ಜನ ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಉದುರಿದ ಒಣ ಎಲೆ ಗುಡಿಸಲು, ಕಟ್ಟಿಗೆ ತರಲು ಹೋಗುವುದೂ ಅದೇ ಕಾಲಕ್ಕೆ.

ಹಳೆಯ ಲಸಿಕೆಯ ಬಳಕೆ ನಿಂತ ಮೇಲೆ ಭಾರವೆಲ್ಲ ಮುನ್ನೆಚ್ಚರಿಕೆಯ ಮೇಲೆಯೇ ಬಿದ್ದಿದೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮೀಯಿರಿ ಎಂದು ಹೇಳುತ್ತೇವೆ. ಎಣ್ಣೆಯನ್ನು ಮನೆ ಮನೆಗೆ ಕೊಡುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಬಾಟಲಿ ಹಾಗೇ ಉಳಿದಿರುತ್ತದೆ.

ನಮ್ಮ ಗುಂಪಿನ ಒಬ್ಬ ಕಿರಿಯ ವೈದ್ಯೆ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಇದ್ದಾರೆ. ಆ ವರ್ಷದ ಎಣ್ಣೆ ಹಂಚಿಕೆಯ ಯೋಜನೆಗೆ ಅವರು ಸಲಹೆ ಬರೆದು ಕೊಡಬೇಕಿತ್ತು. ಕರಪತ್ರ ಮಾಡಿಸಿ, ಹಳ್ಳಿ ಹಳ್ಳಿಯಲ್ಲಿ ಜಾಗೃತಿ ಸಭೆ ಮಾಡೋಣ ಎಂಬ ಮಾತು ಆಗಲೇ ನಡೆದಿತ್ತು. ಜನ ಯಾಕೆ ಹಚ್ಚುವುದಿಲ್ಲ ಎಂದು ಯಾರಾದರೂ ಸರಿಯಾಗಿ ಕೇಳಿದ್ದಾರಾ ಎಂದು ಹುಡುಕುತ್ತಾ ಅವರಿಗೆ ಒಂದು ಪೇಪರ್ ಸಿಕ್ಕಿತು. ಆಗ್ನೇಯ ಏಷ್ಯಾದಲ್ಲಿ ಕಾಡಿಗೆ ಹೋಗುವ ಜನ, ಮಲೇರಿಯಾ ತಡೆಯಲು ಕೊಟ್ಟ ಸೊಳ್ಳೆ ನಿವಾರಕವನ್ನು ಯಾಕೆ ಬಳಸುವುದಿಲ್ಲ ಎಂಬ ಬಗ್ಗೆ ಅದು. ಸಂದರ್ಶನ ಮತ್ತು ಗುಂಪು ಚರ್ಚೆಗಳ ಮೇಲೆ ನಿಂತ ಅಧ್ಯಯನ. ಅದರ ಮೊದಲ ತೀರ್ಮಾನವೇ ಜನರಲ್ಲಿ ಅರಿವು ಕಡಿಮೆ ಎಂಬುದು. ಕರಪತ್ರದ ಯೋಜನೆಗೆ ಹೇಳಿ ಮಾಡಿಸಿದ ಹಾಗಿತ್ತು.

ತೊಡಕು: ಎರಡು ತೀರ್ಪು

ಪೇಪರನ್ನು ಎಲ್ಲರೂ ಮನೆಯಲ್ಲೇ ಓದಿ, ಒಂದೊಂದು ಪುಟದ ಟಿಪ್ಪಣಿ ತರಬೇಕು ಎಂದು ಮೊದಲೇ ಹೇಳಿದ್ದೆವು. ವೈದ್ಯೆ ತಂದ ಟಿಪ್ಪಣಿ ಖಡಕ್ ಆಗಿತ್ತು. ಸ್ಯಾಂಪಲ್ ತುಂಬಾ ಸಣ್ಣದು. ಜನರನ್ನು ಲಾಟರಿಯಂತೆ ಆರಿಸಿಲ್ಲ, ಬೇಕಾದವರನ್ನು ಹುಡುಕಿ ಆರಿಸಿದ್ದಾರೆ. ಹೋಲಿಸಲು ಬೇರೆ ಗುಂಪಿಲ್ಲ. ಎಷ್ಟು ಶೇಕಡಾ ಜನ ಏನು ಹೇಳಿದರು ಎಂಬ ಲೆಕ್ಕವೇ ಇಲ್ಲ. ಆದ್ದರಿಂದ ಪೇಪರ್ ದುರ್ಬಲ, ಬಿಟ್ಟುಬಿಡೋಣ.

ನರ್ಸಿಂಗ್ ಕಾಲೇಜಿನ ಉಪನ್ಯಾಸಕಿಯೊಬ್ಬರು ತಂದದ್ದು ಇದಕ್ಕೆ ಪೂರ್ತಿ ಉಲ್ಟಾ. ಅವರು ಕ್ಯಾಸ್ಪ್ ಎಂಬ ಚೆಕ್‌ಲಿಸ್ಟ್ ಬಳಸಿದ್ದರು. ಗುಣಾತ್ಮಕ ಸಂಶೋಧನೆ ಓದುವವರಿಗಾಗಿ ಅದರಲ್ಲಿ 10 ಪ್ರಶ್ನೆಗಳಿವೆ. ಉದ್ದೇಶ ಸ್ಪಷ್ಟವಿದೆಯೇ, ಈ ಪ್ರಶ್ನೆಗೆ ಗುಣಾತ್ಮಕ ವಿಧಾನ ಹೊಂದುತ್ತದೆಯೇ, ಜನರನ್ನು ಆರಿಸಿದ ರೀತಿ ಸರಿಯೇ, ಸಂಶೋಧಕರಿಗೂ ಮಾತಾಡಿದವರಿಗೂ ಇರುವ ಸಂಬಂಧವನ್ನು ಯೋಚಿಸಿದ್ದಾರೆಯೇ, ವಿಶ್ಲೇಷಣೆ ಗಟ್ಟಿಯಾಗಿದೆಯೇ, ಹೀಗೆ ಸಾಗುತ್ತದೆ. ಉತ್ತರ ಹೌದು, ಇಲ್ಲ ಅಥವಾ ಹೇಳಲಾಗದು. ಅವರ ಹಾಳೆಯಲ್ಲಿ ಮೇಲಿಂದ ಕೆಳಗಿನವರೆಗೆ ಹೌದು ಎಂದೇ ಇತ್ತು. ಪೇಪರಿನ ಜೊತೆ ಲೇಖಕರೇ ತುಂಬಿದ ಕೋರೆಕ್ ಪಟ್ಟಿಯೂ ಇತ್ತು. ಗುಣಾತ್ಮಕ ಪೇಪರಿನಲ್ಲಿ ಏನೇನು ಬರೆದಿರಬೇಕು ಎಂದು ಹೇಳುವ, 2007ರಲ್ಲಿ ಬಂದ 32 ಅಂಶಗಳ ಪಟ್ಟಿ ಅದು. ಎಲ್ಲ ಅಂಶಗಳೂ ಭರ್ತಿ. ಆದ್ದರಿಂದ ಪೇಪರ್ ಉತ್ತಮ, ಇದರಂತೆ ನಡೆಯೋಣ ಎಂದು ಅವರ ಸಲಹೆ.

ಇಬ್ಬರೂ ಶ್ರದ್ಧೆಯಿಂದ ಓದಿದವರೇ. ಆದರೆ ಎರಡೂ ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟಾಗ ಒಂದು ವಿಷಯ ಎದ್ದು ಕಂಡಿತು. ಪೇಪರಿನೊಳಗೆ ಜನ ಏನು ಹೇಳಿದ್ದಾರೆ ಎಂಬುದರ ಬಗ್ಗೆ ಎರಡರಲ್ಲೂ ಒಂದು ವಾಕ್ಯವಿಲ್ಲ. ಒಬ್ಬರು ವಿಧಾನದ ಭಾಗ ಓದಿ ತಳ್ಳಿಹಾಕಿದ್ದರು. ಇನ್ನೊಬ್ಬರು ವಿಧಾನದ ಭಾಗ ಓದಿ ಒಪ್ಪಿಕೊಂಡಿದ್ದರು. ಗುಣಾತ್ಮಕ ಸಂಶೋಧನೆಯ ಓದಿನಲ್ಲಿ ಈ ಎರಡು ದಾರಿಗಳನ್ನೂ ನಾನು ಮತ್ತೆ ಮತ್ತೆ ನೋಡುತ್ತೇನೆ. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯಬೇಕು ಅನ್ನಿಸಿತು.

ಏನೇನು ಮಾಡಿ ನೋಡಿದೆವು

ಮೊದಲು ಅಳತೆಯ ಪ್ರಶ್ನೆ. ಔಷಧ ಪರೀಕ್ಷೆಯ ಪೇಪರ್ ಓದಿ ರೂಢಿಯಾದವರು ಅದೇ ಅಳತೆಯನ್ನು ಇಲ್ಲಿಗೂ ತರುತ್ತಾರೆ. ಅದು ಹಾಲಿನ ಲೀಟರಿನಲ್ಲಿ ಅಡಕೆ ಅಳೆದ ಹಾಗೆ. ನೂರರಲ್ಲಿ ಎಷ್ಟು ಜನ ಎಣ್ಣೆ ಹಚ್ಚುವುದಿಲ್ಲ ಎಂದು ತಿಳಿಯಬೇಕಿದ್ದರೆ ದೊಡ್ಡ ಸ್ಯಾಂಪಲ್ ಬೇಕೇ ಬೇಕು. ಹಚ್ಚದೆ ಇರುವುದಕ್ಕೆ ಎಷ್ಟು ಬಗೆಯ ಕಾರಣಗಳಿವೆ, ಆ ಕಾರಣ ಅವರ ದಿನದ ಬದುಕಿನಲ್ಲಿ ಎಲ್ಲಿ ಕೂತಿದೆ ಎಂದು ತಿಳಿಯಲು ಬೇರೆ ಬೇರೆ ತರದ ಜನ ಬೇಕು. ಗಂಡಸರು, ಹೆಂಗಸರು, ದಿನಾ ಹೋಗುವವರು, ಅಪರೂಪಕ್ಕೆ ಹೋಗುವವರು, ಹಚ್ಚುವವರು, ಹಚ್ಚದವರು. ಅದಕ್ಕೇ ಬೇಕಾದವರನ್ನು ಹುಡುಕಿ ಆರಿಸುತ್ತಾರೆ. ಅದು ಈ ವಿಧಾನದ ದೋಷವಲ್ಲ. ಹುಡುಕಿದ್ದು ಯಾರನ್ನು, ಬಿಟ್ಟದ್ದು ಯಾರನ್ನು ಎಂಬುದೇ ಕೇಳಬೇಕಾದ ಪ್ರಶ್ನೆ.

ವೈದ್ಯೆ ಇಷ್ಟಕ್ಕೆ ಬಿಡಲಿಲ್ಲ. "ಸರಿ ಸರ್, ಆದರೆ ಕಡಿಮೆ ಅಂದರೂ ಎಷ್ಟು ಜನ ಬೇಕು? ಒಂದು ಲೆಕ್ಕ ಇರಬೇಕಲ್ವಾ?" ಎಂದರು. ನ್ಯಾಯವಾದ ಪ್ರಶ್ನೆ. ಹೊಸ ಸಂಗತಿ ಬರುವುದು ನಿಂತಾಗ ನಿಲ್ಲಿಸಿ ಎಂಬ ಸ್ಯಾಚುರೇಶನ್ ವಿಚಾರವನ್ನು 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಮುಂದಿಟ್ಟರು. 2006ರಲ್ಲಿ ಗೆಸ್ಟ್ ಮತ್ತು ಸಂಗಡಿಗರು ಘಾನಾ, ನೈಜೀರಿಯಾದ ಮಹಿಳೆಯರ 60 ಸಂದರ್ಶನಗಳನ್ನು ಬಿಡಿಸಿ ನೋಡಿದಾಗ, ಮುಖ್ಯ ವಿಷಯಗಳಲ್ಲಿ ಹೆಚ್ಚಿನವು ಮೊದಲ 12ರಲ್ಲೇ ಬಂದಿದ್ದವು. ಅಲ್ಲಿಂದ 12 ಸಾಕು ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಆದರೆ ಆ ಮಹಿಳೆಯರು ಹೆಚ್ಚುಕಡಿಮೆ ಒಂದೇ ತರದ ಬದುಕಿನವರು, ಕೇಳಿದ ಪ್ರಶ್ನೆಗಳೂ ಒಂದೇ ತರದವು. 2016ರಲ್ಲಿ ಮಾಲ್ಟೆರುಡ್ ಮತ್ತು ಸಂಗಡಿಗರು ಹೇಳಿದ್ದು ನನಗೆ ಹೆಚ್ಚು ಹಿಡಿಸುತ್ತದೆ. ಎಷ್ಟು ಜನ ಎನ್ನುವುದು ಪ್ರಶ್ನೆ ಎಷ್ಟು ಕಿರಿದಾಗಿದೆ, ಆರಿಸಿದ ಜನಕ್ಕೆ ಆ ವಿಷಯದ ಅನುಭವ ಎಷ್ಟಿದೆ, ಹಿಂದೆ ಸಿದ್ಧಾಂತದ ಬೆಂಬಲ ಇದೆಯೇ, ಮಾತುಕತೆ ಎಷ್ಟು ಆಳಕ್ಕೆ ಹೋಯಿತು, ವಿಶ್ಲೇಷಣೆ ಯಾವ ತರದ್ದು ಎಂಬುದರ ಮೇಲೆ ನಿಲ್ಲುತ್ತದೆ. ನಮ್ಮ ಪೇಪರಿನಲ್ಲಿ ಸ್ಯಾಚುರೇಶನ್ ತಲುಪಿದೆವು ಎಂದು ಒಂದೇ ಸಾಲು ಇತ್ತು. ಹೇಗೆ ಗೊತ್ತಾಯಿತು ಎಂದು ಬರೆದಿರಲಿಲ್ಲ. ಆ ಸಾಲಿನ ಎದುರು ಹೇಳಲಾಗದು ಎಂದು ಹಾಕಿಕೊಂಡೆವು.

ಆಮೇಲೆ ಚೆಕ್‌ಲಿಸ್ಟ್. ಕ್ಯಾಸ್ಪ್ ಹಾಳೆಯನ್ನು ಎಸೆಯಲಿಲ್ಲ. ಒಂದು ನಿಯಮ ಮಾಡಿದೆವು. ಹೌದು ಎಂದು ಬರೆದರೆ ಪೇಪರಿನ ಯಾವ ಪುಟದ ಯಾವ ವಾಕ್ಯ ನೋಡಿ ಬರೆದಿರಿ ಎಂದು ಪಕ್ಕದಲ್ಲೇ ತೋರಿಸಬೇಕು. ವಾಕ್ಯ ಸಿಗದಿದ್ದರೆ ಹೌದು ಹೋಗಿ ಹೇಳಲಾಗದು ಆಗುತ್ತದೆ. ಈ ಒಂದು ನಿಯಮದಿಂದ ಉಪನ್ಯಾಸಕಿಯ ಹಾಳೆಯ ಚಿತ್ರವೇ ಬದಲಾಯಿತು. ಅವರೇ ಒಂದೊಂದಾಗಿ ಹೊಡೆದು ತಿದ್ದಿದರು. ಯಾರೂ ಅವರಿಗೆ ತಪ್ಪು ಎಂದು ಹೇಳಬೇಕಾಗಲಿಲ್ಲ.

ಕೋರೆಕ್ ಪಟ್ಟಿಯ ವಿಷಯದಲ್ಲಿ ಇನ್ನೂ ಒಂದು ಗಂಟು ಬಿಚ್ಚಬೇಕಿತ್ತು. ಆ ಪಟ್ಟಿ ಇರುವುದು ಬರೆಯುವವರಿಗೆ. ಸಂದರ್ಶನ ಮಾಡಿದವರು ಯಾರು, ಅವರ ಕೆಲಸ ಏನು, ಜನರಿಗೆ ಅವರು ಮೊದಲೇ ಗೊತ್ತಿದ್ದರೇ, ರೆಕಾರ್ಡ್ ಮಾಡಿದ್ದಾರೆಯೇ ಎಂಬುದನ್ನೆಲ್ಲ ಮುಚ್ಚಿಡದೆ ಬರೆಯಿರಿ ಎಂದು ಅದು ಹೇಳುತ್ತದೆ. ಬರೆದದ್ದು ಚೆನ್ನಾಗಿದೆ ಎಂದ ಮಾತ್ರಕ್ಕೆ ಮಾಡಿದ ಕೆಲಸ ಚೆನ್ನಾಗಿದೆ ಎಂದಾಗುವುದಿಲ್ಲ. ನಮ್ಮ ಪೇಪರಿನಲ್ಲಿ ಇದು ಕಣ್ಣಿಗೆ ಕಟ್ಟುವಂತಿತ್ತು. ಸಂದರ್ಶಕರ ಕೆಲಸ ಏನು ಎಂಬ ಅಂಶದ ಎದುರು ಲೇಖಕರು ಪ್ರಾಮಾಣಿಕವಾಗಿ ಬರೆದಿದ್ದರು: ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಸಿಬ್ಬಂದಿ. ಅಂದರೆ ಸೊಳ್ಳೆ ನಿವಾರಕ ಹಂಚುವ ಕಾರ್ಯಕ್ರಮದವರೇ ಬಂದು, ನೀವು ಯಾಕೆ ಅದನ್ನು ಹಚ್ಚುವುದಿಲ್ಲ ಎಂದು ಕೇಳಿದ್ದರು.

ಇದರ ತೂಕ ಎಲ್ಲರಿಗೂ ಒಂದೇ ಸಲ ತಟ್ಟಲಿಲ್ಲ. ಅದರಿಂದೇನು, ಜನ ನಿಜ ಹೇಳಬಹುದಲ್ಲ ಎಂದು ಒಬ್ಬರು ಕೇಳಿದರು. ಹಳ್ಳಿಗೆ ಹೋಗಿ ನಾವೇ ನಾಲ್ಕು ಜನರನ್ನು ಕೇಳಿ ನೋಡೋಣ ಎಂಬ ಸಲಹೆಯೂ ಬಂತು. ಅದಕ್ಕೆ ನಾನು ಒಪ್ಪಲಿಲ್ಲ. ಜನರನ್ನು ಕೇಳಿ, ಬರೆದುಕೊಂಡು, ಸಂಶೋಧನೆಯ ಹೆಸರಿನಲ್ಲಿ ಬಳಸುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಈ ಬಗ್ಗೆ ಸ್ಪಷ್ಟವಾಗಿದೆ. ನಮ್ಮ ಕಲಿಕೆಗಾಗಿ ಬೆಟ್ಟದಿಂದ ಸುಸ್ತಾಗಿ ಬಂದವರ ಹೊತ್ತು ತೆಗೆದುಕೊಳ್ಳುವುದೂ ನನಗೆ ಸರಿ ಕಾಣಲಿಲ್ಲ.

ಬದಲಿಗೆ ನಮ್ಮೊಳಗೇ ಪ್ರಯೋಗ ಮಾಡಿದೆವು. ಆಂಟಿಬಯಾಟಿಕ್ ಮಾತ್ರೆಯನ್ನು ನೀವು ಕೊನೆಯ ತನಕ ತೆಗೆದುಕೊಂಡಿದ್ದೀರಾ ಎಂಬುದು ಪ್ರಶ್ನೆ. ಮೊದಲು ವೈದ್ಯೆ ಕೇಳಿದರು. ಉತ್ತರ ಕೊಟ್ಟವರು ಅವರದೇ ಕೇಂದ್ರದ ಕೆಳಗೆ ಕೆಲಸ ಮಾಡುವ ಸಮುದಾಯ ಆರೋಗ್ಯ ಅಧಿಕಾರಿ, ಸಿಎಚ್‌ಒ ಎಂದು ಎಲ್ಲರೂ ಕರೆಯುವವರು. "ಪೂರ್ತಿ ತಗೊಂಡಿದ್ದೇನೆ ಮೇಡಂ. ಅರ್ಧಕ್ಕೆ ಬಿಡಬಾರದು, ಗೊತ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅದೇ ಪ್ರಶ್ನೆಯನ್ನು ಅವರಿಗೇ ಬೇರೆ ತಾಲ್ಲೂಕಿನ ಇನ್ನೊಬ್ಬ ಸಿಎಚ್‌ಒ, ಬೇರೆ ಕೋಣೆಯಲ್ಲಿ, ಚಹಾ ಕುಡಿಯುತ್ತಾ ಕೇಳಿದರು. "ಮೂರನೇ ದಿನಕ್ಕೇ ಬಿಟ್ಟೆ ಮಾರಾಯ್ತಿ, ಹೊಟ್ಟೆ ಕೆಟ್ಟು ಡ್ಯೂಟಿ ಮಾಡೋಕೇ ಆಗ್ತಿರಲಿಲ್ಲ" ಎಂಬ ಉತ್ತರ ಬಂತು. ಆಮೇಲೆ ಎರಡನ್ನೂ ಎಲ್ಲರ ಮುಂದೆ ಹೇಳಲು ಅವರೇ ಒಪ್ಪಿದರು.

ಮೊದಲ ಉತ್ತರ ಬರೀ ಸುಳ್ಳಲ್ಲ ಎಂಬುದನ್ನು ಗಮನಿಸಬೇಕು. ಗೊತ್ತು ಎಂಬ ಮಾತು ನಿಜ. ಮೇಲಿನವರು ಕೇಳಿದಾಗ ಮಾತು ಗೊತ್ತಿದೆಯೋ ಇಲ್ಲವೋ ಎಂಬ ಕಡೆಗೆ ಹೊರಳುತ್ತದೆ. ಹೊಟ್ಟೆ, ಡ್ಯೂಟಿ, ದಿನದ ಕಷ್ಟ ಹಿಂದೆ ಸರಿಯುತ್ತವೆ. ವೈದ್ಯೆ ಪೇಪರನ್ನು ಮತ್ತೆ ತೆರೆದರು. "ಹಾಗಾದರೆ ಅರಿವು ಕಡಿಮೆ ಅನ್ನೋ ತೀರ್ಮಾನ ಬಂದದ್ದೇ ಕೇಳಿದವರು ಯಾರು ಅನ್ನೋದರಿಂದ ಇರಬಹುದು" ಎಂದರು. ಕೋಣೆಯಲ್ಲಿ ಇದ್ದವರ ಓದು ಅಲ್ಲಿಂದ ತಿರುಗಿತು.

ಮಾತು ಯಾರದು

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟ ಕೆಲಸ ಇದು. ಅತಿ ಸರಳವಾದದ್ದೂ ಇದೇ.

ಒಂದು ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಎಳೆದೆವು. ಮೊದಲನೆಯದರಲ್ಲಿ ಪೇಪರಿನ ಪ್ರತಿ ಥೀಮ್, ಅಂದರೆ ಲೇಖಕರು ಕಂಡುಕೊಂಡ ಮುಖ್ಯ ವಿಷಯ. ಎರಡನೆಯದರಲ್ಲಿ ಅದಕ್ಕೆ ಆಧಾರವಾಗಿ ಕೊಟ್ಟ ಜನರ ಮಾತು. ಮೂರನೆಯದರಲ್ಲಿ ಆ ಮಾತು ಯಾರದು. ಇಂಥ ಪೇಪರುಗಳಲ್ಲಿ ಪ್ರತಿ ಮಾತಿನ ಕೊನೆಗೆ ಒಂದು ಸಂಕೇತ ಇರುತ್ತದೆ. ಮಾತಾಡಿದವರ ಸಂಖ್ಯೆ, ಗಂಡೋ ಹೆಣ್ಣೋ, ಏನು ಕೆಲಸ. ಹೆಚ್ಚಿನ ಓದುಗರು ಅದನ್ನು ಹಾರಿಸಿಬಿಡುತ್ತಾರೆ.

ಹಾಳೆ ತುಂಬುತ್ತಾ ಹೋದ ಹಾಗೆ, ಅರಿವು ಕಡಿಮೆ ಎಂಬ ಥೀಮಿನ ಮುಂದೆ ಕೂತ ಮಾತುಗಳ ಸಂಕೇತ ಓದುತ್ತಿದ್ದ ಸಿಎಚ್‌ಒ ನಿಲ್ಲಿಸಿದರು. ಸಿದ್ದಾಪುರದ ಕಡೆಯ ಹಳ್ಳಿಯವರು, ಅವರ ತಾಯಿ ಈಗಲೂ ದರಕಿಗೆ ಹೋಗುತ್ತಾರೆ. "ಸರ್, ಇಲ್ಲಿ ಕಾಡಿಗೆ ಹೋಗೋರು ಮಾತಾಡ್ತಾನೇ ಇಲ್ಲ. ಅವರ ಬಗ್ಗೆ ಬೇರೆಯವರು ಮಾತಾಡ್ತಿದ್ದಾರೆ" ಎಂದರು. ಎಲ್ಲರೂ ಬಗ್ಗಿ ನೋಡಿದೆವು. ಅವರು ಹೇಳಿದ್ದು ಸರಿ. ಆ ಥೀಮಿಗೆ ಕೊಟ್ಟ ಮಾತುಗಳೆಲ್ಲ ಹಳ್ಳಿಯ ಆರೋಗ್ಯ ಕಾರ್ಯಕರ್ತರದ್ದು, ಕಾರ್ಯಕ್ರಮದ ಮೇಲ್ವಿಚಾರಕರದ್ದು. ಜನರಿಗೆ ತಿಳಿವಳಿಕೆ ಇಲ್ಲ ಎಂದು ಹೇಳಿದವರು ಅವರು. ಕಾಡಿಗೆ ಹೋಗುವ ಒಬ್ಬರ ಮಾತೂ ಅದರ ಕೆಳಗೆ ಇರಲಿಲ್ಲ.

ಅದೇ ಹಾಳೆಯ ಕೆಳಗೆ ಇನ್ನೊಂದು ಥೀಮ್ ಇತ್ತು. ಲೇಖಕರು ಅದಕ್ಕೆ ಜಾಸ್ತಿ ಜಾಗ ಕೊಟ್ಟಿರಲಿಲ್ಲ. ಕೆಲಸದ ನಡುವೆ ಬೆವರಿಗೆ ನಿವಾರಕ ತೊಳೆದುಹೋಗುತ್ತದೆ, ಮತ್ತೆ ಹಚ್ಚಲು ಬಿಡುವಿಲ್ಲ, ಹಚ್ಚಿದ ಕೈಯಲ್ಲಿ ಊಟ ಮಾಡಲು ಮನಸ್ಸಾಗುವುದಿಲ್ಲ ಎಂಬ ಅರ್ಥದ ಮಾತುಗಳು. ಅವೆಲ್ಲ ಕಾಡಿಗೆ ಹೋಗುವವರದ್ದೇ. ಬೇರೆ ಬೇರೆ ಜನರದ್ದು, ಬೇರೆ ಬೇರೆ ಊರಿನದ್ದು. ಇದಕ್ಕೆ ಒಪ್ಪದ ಒಬ್ಬರ ಮಾತನ್ನೂ ಲೇಖಕರು ಹಾಕಿದ್ದರು. ತಾನು ಊಟಕ್ಕೆ ಮುಂಚೆ ತೊಳೆದು ಆಮೇಲೆ ಮತ್ತೆ ಹಚ್ಚುತ್ತೇನೆ, ತನ್ನ ಕೆಲಸದಲ್ಲಿ ನೀರು ಹತ್ತಿರ ಇರುತ್ತದೆ ಎಂದು ಆತ ಹೇಳಿದ್ದ. ಈ ಒಂದು ವಿರುದ್ಧ ಮಾತು ಆ ಥೀಮನ್ನು ಗಟ್ಟಿ ಮಾಡಿತು. ನೀರು ಹತ್ತಿರ ಇದ್ದರೆ ಹಚ್ಚುತ್ತಾರೆ, ಇಲ್ಲದಿದ್ದರೆ ಇಲ್ಲ ಎಂಬ ಸೂಚನೆ ಅದರಿಂದ ಸಿಕ್ಕಿತು. ತಮ್ಮ ತೀರ್ಮಾನಕ್ಕೆ ಹೊಂದದ ಮಾತನ್ನು ಮುಚ್ಚಿಡದೆ ಹಾಕಿದ ಲೇಖಕರ ಮೇಲೆ ನನಗೆ ಗೌರವ ಬಂತು.

ಒಂದೇ ಪೇಪರಿನಲ್ಲಿ ಒಂದು ತೀರ್ಮಾನ ಸಡಿಲ, ಇನ್ನೊಂದು ಗಟ್ಟಿ. ಪೇಪರ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಇನ್ನು ಅರ್ಥವೇ ಉಳಿಯಲಿಲ್ಲ. ತೀರ್ಮಾನಗಳನ್ನು ಒಂದೊಂದಾಗಿ ತೂಗಬೇಕಾಯಿತು. 2006ರಲ್ಲಿ ಥೀಮ್ ಆಧಾರಿತ ವಿಶ್ಲೇಷಣೆಯ ಬಗ್ಗೆ ಬರೆದ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್, ಥೀಮ್‌ಗಳು ಮಾತಿನ ರಾಶಿಯಿಂದ ತಾವಾಗಿ ಎದ್ದು ಬರುವುದಿಲ್ಲ, ಸಂಶೋಧಕರೇ ನೋಡಿ ಆರಿಸಿ ಕಟ್ಟುತ್ತಾರೆ ಎಂದು ಒತ್ತಿ ಹೇಳಿದ್ದಾರೆ. ಕಟ್ಟಿದವರು ಯಾರು, ಯಾವ ಕಡೆಯಿಂದ ನೋಡಿದರು ಎಂಬುದನ್ನು ಓದುಗರು ಕೇಳಲೇಬೇಕಾದ್ದು ಅದಕ್ಕೇ.

ಅಲ್ಲಿಯದು ಇಲ್ಲಿಗೆ ಹೊಂದೀತೇ

ಬೆವರಿನ ಥೀಮ್ ಗಟ್ಟಿ ಎಂದ ಕೂಡಲೇ ಒಬ್ಬರು ಖುಷಿಯಿಂದ, ನಮ್ಮಲ್ಲೂ ಅದೇ ಕಾರಣ ಎಂದು ಬರೆದುಬಿಡೋಣ ಎಂದರು. ಇಲ್ಲಿ ವೈದ್ಯೆಯೇ ತಡೆದರು. ಎರಡು ರೋಗಗಳ ನಡುವಿನ ವ್ಯತ್ಯಾಸವನ್ನು ಹಲಗೆಯ ಮೇಲೆ ಬರೆದರು.

ಆಗ್ನೇಯ ಏಷ್ಯಾದ ಕಾಡಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಗಳಲ್ಲಿ ಅನಾಫಿಲಿಸ್ ಡೈರಸ್ ಒಂದು. ಅದು ಕತ್ತಲಾದ ಮೇಲೆ ಕಚ್ಚುತ್ತದೆ. ಅಲ್ಲಿನ ಜನ ಮರ, ಬೇಟೆ, ಕಾಡುತ್ಪತ್ತಿಗಾಗಿ ಹೋಗಿ ರಾತ್ರಿ ಕಾಡಿನಲ್ಲೇ ಉಳಿಯುತ್ತಾರೆ. ಹೆಚ್ಚಿನವರು ಗಂಡಸರು. ನಮ್ಮಲ್ಲಿ ಉಣುಗು ಹತ್ತುವುದು ಹಗಲು ಕೆಲಸ ಮಾಡುವಾಗ, ನೆಲದ ಎಲೆಯಿಂದ. ದರಕು ಗುಡಿಸಲು ಹೋಗುವವರಲ್ಲಿ ಹೆಂಗಸರು ಬಹಳ. ಸಂಜೆಗೆ ಮನೆ ಸೇರುತ್ತಾರೆ. ಅಲ್ಲಿ ಮಲಗುವ ಮುಂಚೆ ಹಚ್ಚುವ ಪ್ರಶ್ನೆ, ಇಲ್ಲಿ ಮನೆ ಬಿಡುವ ಮುಂಚೆ ಹಚ್ಚುವ ಪ್ರಶ್ನೆ.

ಒಂದು ಕಡೆಯ ಗುಣಾತ್ಮಕ ತೀರ್ಮಾನ ಇನ್ನೊಂದು ಕಡೆಗೆ ಹೊಂದುತ್ತದೆಯೇ ಎಂದು ನೋಡುವ ಕೆಲಸ ಓದುಗರದ್ದು ಎಂದು 1985ರಲ್ಲೇ ಲಿಂಕನ್ ಮತ್ತು ಗೂಬಾ ಹೇಳಿದ್ದರು. ಲೇಖಕರ ಕೆಲಸ ತಮ್ಮ ಜಾಗವನ್ನು, ಜನರನ್ನು, ಸನ್ನಿವೇಶವನ್ನು ತುಂಬಾ ವಿವರವಾಗಿ ಬರೆದು ಕೊಡುವುದು. ನಮ್ಮ ಪೇಪರಿನಲ್ಲಿ ಕೆಲಸದ ದಿನ ಹೇಗೆ ಸಾಗುತ್ತದೆ ಎಂಬ ವಿವರ ಚೆನ್ನಾಗಿತ್ತು, ಅದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಬೆವರು, ಬಿಡುವಿಲ್ಲದಿರುವುದು, ಊಟದ ಕೈ ಎಂಬ ಮೂರು ವಿಷಯಗಳು ಹಗಲು ದುಡಿಮೆಗೆ ಸೇರಿದವು. ಅವು ಇಲ್ಲಿಗೂ ಹೊಂದಬಹುದು. ರಾತ್ರಿಯ ರೂಢಿಯ ಬಗ್ಗೆ ಇದ್ದ ತೀರ್ಮಾನಗಳನ್ನು ಪಕ್ಕಕ್ಕೆ ಇಟ್ಟೆವು. ಹೆಂಗಸರ ಮಾತು ಆ ಪೇಪರಿನಲ್ಲಿ ತೀರಾ ಕಡಿಮೆ ಇದ್ದದ್ದೂ ಆಗಲೇ ಎಲ್ಲರ ಗಮನಕ್ಕೆ ಬಂತು. ನಮ್ಮ ಪ್ರಶ್ನೆಗೆ ಅದು ದೊಡ್ಡ ಕೊರತೆ.

ವೈದ್ಯೆಗೆ ಎಲ್ಲದಕ್ಕೂ ಒಂದು ಅಂಕ ಕೊಡುವ ಆಸೆ ಇನ್ನೂ ಇತ್ತು. ಗ್ರೇಡ್ ಸರ್ಕ್ವಾಲ್ ಬಳಸೋಣವೇ ಎಂದು ಕೇಳಿದರು. ಗುಣಾತ್ಮಕ ತೀರ್ಮಾನವನ್ನು ಎಷ್ಟು ನಂಬಬಹುದು ಎಂದು ತೂಗುವ ವಿಧಾನ ಅದು, ಆದರೆ ಇರುವುದು ಬಹಳ ಪೇಪರುಗಳನ್ನು ಸೇರಿಸಿ ಬರೆದ ವಿಮರ್ಶೆಯ ತೀರ್ಮಾನಗಳಿಗೆ, ಒಂಟಿ ಪೇಪರಿಗೆ ಅಲ್ಲ. ಆದರೆ ಅದು ನೋಡುವ ನಾಲ್ಕು ಸಂಗತಿಗಳನ್ನು ಸುಮ್ನೆ ಪ್ರಶ್ನೆಗಳಾಗಿ ಎರವಲು ಪಡೆದೆವು. ವಿಧಾನದಲ್ಲಿ ಕೊರತೆ ಏನು, ತೀರ್ಮಾನ ಮಾತುಗಳಿಗೆ ಹೊಂದುತ್ತದೆಯೇ, ಮಾತು ಸಾಕಷ್ಟು ಇದೆಯೇ, ನಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದೇ. ಅಂಕ ಕೊಡಲಿಲ್ಲ.

ಏನಾಯಿತು

ವೈದ್ಯೆ ಕೊನೆಗೆ ಬರೆದ ಟಿಪ್ಪಣಿ ಒಂದು ಪುಟದ್ದು. ಅರಿವು ಕಡಿಮೆ ಎಂಬ ತೀರ್ಮಾನವನ್ನು ಈ ಪೇಪರಿನ ಬಲದಿಂದ ಒಪ್ಪಲಾಗದು, ಅದನ್ನು ಹೇಳಿದವರು ಕಾಡಿಗೆ ಹೋಗುವವರಲ್ಲ ಎಂದು ಮೊದಲ ಸಾಲಿನಲ್ಲೇ ಬರೆದರು. ಬೆವರು, ಬಿಡುವು, ಊಟದ ಕೈ ಇವುಗಳನ್ನು ನಮ್ಮಲ್ಲಿ ಕೇಳಿ ನೋಡಬೇಕಾದ ಪ್ರಶ್ನೆಗಳು ಎಂದು ಗುರುತಿಸಿದರು, ಉತ್ತರ ಎಂದಲ್ಲ. ಕರಪತ್ರಕ್ಕಿಂತ ಮೊದಲು, ಎಣ್ಣೆ ಕೊಡಲು ಹೋದಾಗ ಜನ ಯಾವಾಗ ಹಚ್ಚುತ್ತಾರೆ, ಯಾವಾಗ ಹಚ್ಚಲು ಆಗುವುದಿಲ್ಲ, ಆಗ ಏನು ಮಾಡುತ್ತಾರೆ ಎಂದು ಕೇಳಿ ತಿಳಿಯಿರಿ ಎಂಬುದು ಅವರ ಸಲಹೆ. ಅದು ಸಂಶೋಧನೆಯಲ್ಲ, ಕಾರ್ಯಕ್ರಮ ಸರಿಪಡಿಸಲು ಕೇಳುವ ಮಾತು, ಎಲ್ಲೂ ಪ್ರಕಟಿಸುವುದಿಲ್ಲ ಎಂದೂ ಬರೆದರು.

ಒಂದು ಸಾಲು ನನಗೆ ವಿಶೇಷವಾಗಿ ಹಿಡಿಸಿತು. ಕೇಳುವ ಕೆಲಸವನ್ನು ಅದೇ ಊರಿನ ಆಶಾ ಕಾರ್ಯಕರ್ತೆಗೆ ಕೊಡಬೇಡಿ, ಪಕ್ಕದ ಉಪಕೇಂದ್ರದವರು ಹೋಗಲಿ ಎಂದು ಅವರು ಸೇರಿಸಿದ್ದರು. ಎಣ್ಣೆ ಕೊಟ್ಟವರ ಮುಂದೆ, ನಿಮ್ಮ ಎಣ್ಣೆ ಹಚ್ಚಿಲ್ಲ ಎಂದು ಹೇಳುವುದು ಯಾರಿಗಾದರೂ ಕಷ್ಟ. ಪೇಪರಿನ ಕೊರತೆಯನ್ನು ಕಂಡವರು ಅದೇ ಕೊರತೆ ತಮ್ಮ ಕೆಲಸದಲ್ಲಿ ಬರದಂತೆ ನೋಡಿಕೊಂಡರು.

ಸಲಹೆ ಪೂರ್ತಿ ಜಾರಿಯಾಗಲಿಲ್ಲ. ಕರಪತ್ರಕ್ಕೆ ತೆಗೆದಿಟ್ಟ ಹಣವನ್ನು ಬೇರೆಯದಕ್ಕೆ ಬಳಸಲು ಆಗುವುದಿಲ್ಲ ಎಂಬ ಉತ್ತರ ಬಂತು. ಕರಪತ್ರ ಅಚ್ಚಾಯಿತು. ಆದರೆ ಕೆಲವು ಉಪಕೇಂದ್ರಗಳಲ್ಲಿ ಆ ಮೂರು ಪ್ರಶ್ನೆಗಳನ್ನು ಕೇಳಲು ಒಪ್ಪಿಗೆ ಸಿಕ್ಕಿತು, ಪಕ್ಕದವರೇ ಹೋಗಿ ಕೇಳಿದರು. ಬಂದ ಉತ್ತರಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಪ್ರಕಟಿಸುವುದಿಲ್ಲ ಎಂಬ ಮಾತು ಕೊಟ್ಟೇ ಕೇಳಿದ್ದು ಅವು.

ಬೇರೆ ಗುಂಪುಗಳು ಈ ಕೆಲಸಕ್ಕೆ ಕೂತರೆ

ಈ ಪ್ರಕರಣದಲ್ಲಿ ನಮಗೆ ದಾರಿ ತೋರಿಸಿದ ತೀರ್ಮಾನಗಳು ಎರಡೇ. ಹೌದು ಎನ್ನಲು ಪುಟದ ವಾಕ್ಯ ತೋರಿಸಬೇಕು ಎಂಬ ನಿಯಮ ಒಂದು. ಪ್ರತಿ ಥೀಮಿನ ಮುಂದೆ ಮಾತಾಡಿದವರ ಸಂಕೇತ ಬರೆಯುವ ಹಾಳೆ ಇನ್ನೊಂದು. ಇವಕ್ಕೆ ಖರ್ಚಿಲ್ಲ, ವಿಶೇಷ ತರಬೇತಿ ಬೇಡ. ಚೆಕ್‌ಲಿಸ್ಟನ್ನು ಮೊದಲು ತೆಗೆಯಬೇಡಿ. ಮೊದಲು ಜನರ ಮಾತುಗಳನ್ನು ಮಾತ್ರ ಓದಿ, ಆಮೇಲೆ ಲೇಖಕರ ತೀರ್ಮಾನ ಓದಿ, ಕೊನೆಗೆ ವಿಧಾನದ ಭಾಗಕ್ಕೆ ಬನ್ನಿ. ನಾವು ಈಗ ಈ ಕ್ರಮದಲ್ಲೇ ಓದುತ್ತೇವೆ. ಮಾತುಗಳೇ ಕಡಿಮೆ ಇರುವ ಪೇಪರ್ ಆದರೆ ಅದು ಅಲ್ಲೇ ಗೊತ್ತಾಗುತ್ತದೆ.

ಗುಂಪಿನಲ್ಲಿ ಯಾರು ಇರಬೇಕು ಎಂಬುದೂ ಮುಖ್ಯ. ವಿಧಾನ ಬಲ್ಲವರು ಮಾತ್ರ ಇದ್ದಿದ್ದರೆ ಸಂಕೇತಗಳನ್ನು ಎಣಿಸಿ ಮುಗಿಸುತ್ತಿದ್ದೆವೇನೋ. ಮಾತಾಡಿದವರು ಯಾರು ಎಂದು ನಿಲ್ಲಿಸಿ ಕೇಳಿದವರು ದರಕಿಗೆ ಹೋಗುವವರ ಮನೆಯಿಂದ ಬಂದವರು. ಅಂಥವರು ಕಿರಿಯ ಹುದ್ದೆಯಲ್ಲಿ ಇರುವುದೇ ಜಾಸ್ತಿ. ಹಿರಿಯರು ಮೊದಲು ತೀರ್ಪು ಹೇಳಿದರೆ ಅವರು ಬಾಯಿ ತೆರೆಯುವುದಿಲ್ಲ. ಅದಕ್ಕೇ ಈಗ ಟಿಪ್ಪಣಿ ಓದುವ ಸರದಿ ಕಿರಿಯರಿಂದ ಶುರುವಾಗುತ್ತದೆ, ವೈದ್ಯರದ್ದು ಕೊನೆಗೆ.

ಈ ಸಲ ನಾವು ಹುಡುಕುತ್ತಿರುವುದು ಉಣುಗಿನ ರೋಗಗಳ ಬಗ್ಗೆಯೇ ಇರುವ, ಹೆಂಗಸರ ಮಾತು ಹೆಚ್ಚಾಗಿರುವ ಗುಣಾತ್ಮಕ ಪೇಪರುಗಳನ್ನು. ಸಿಕ್ಕವನ್ನು ಒಂದೊಂದಾಗಿ ಇದೇ ಹಾಳೆಗೆ ಇಳಿಸುತ್ತಿದ್ದೇವೆ. ಹಾಳೆ ಇಟ್ಟುಕೊಳ್ಳುವ ಹೊಣೆಯನ್ನು ಸಿದ್ದಾಪುರದ ಸಿಎಚ್‌ಒ ವಹಿಸಿಕೊಂಡಿದ್ದಾರೆ.